ತಂಬಾಕು ಕಾಯ್ದೆಯನ್ನು ಬಿಗಿಗೊಳಿಸುವ ದೇಶವ್ಯಾಪಿ ಅಭಿಯಾನ: ಬೀಡಿ ಕಟ್ಟುವ ಊರಿನವರಾದ ನಾವು ಏನನ್ನು ಕೇಳಬೇಕು?

ಪ್ರಶ್ನೆ: ಗಡಿನಾಡ ಅಧ್ಯಾಪಕಿ, ಮಂಜೇಶ್ವರ

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ನಮ್ಮೂರ ಗ್ರಂಥಾಲಯದಲ್ಲಿ ಸೇರುವ ಕೆಲವು ಅಧ್ಯಾಪಕರು, ಆಶಾ ಕಾರ್ಯಕರ್ತೆಯರು ಮತ್ತು ಕುಟುಂಬಶ್ರೀ ಮಹಿಳಾ ಸಂಘಗಳ ಸದಸ್ಯೆಯರು ಕೂಡಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಗೆ, ಅಂದರೆ ಎಲ್ಲರೂ ಕೋಟ್ಪಾ ಎಂದು ಕರೆಯುವ ಕಾಯ್ದೆಗೆ, ಬಲವಾದ ತಿದ್ದುಪಡಿ ಬರಬೇಕೆಂದು ದೇಶದ ಬೇರೆ ಬೇರೆ ಕಡೆ ವೈದ್ಯರೂ ಸ್ವಯಂಸೇವಾ ಸಂಸ್ಥೆಗಳೂ ವರ್ಷಗಳಿಂದ ನಡೆಸುತ್ತಿರುವ ಒತ್ತಾಯದಲ್ಲಿ ಕಾಸರಗೋಡಿನ ಕನ್ನಡಿಗರ ದನಿಯೂ ಸೇರಬೇಕು ಎಂಬುದೇ ಆ ತೀರ್ಮಾನ.

ಇದಕ್ಕೆ ತಕ್ಷಣದ ಕಾರಣ ಕರ್ನಾಟಕ ಮತ್ತು ಕೇರಳದ ನಡುವಿನ ತಲಪಾಡಿಯ ಗಡಿ. ಕರ್ನಾಟಕದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತ ಮೇಲೆ ಅಲ್ಲಿ 21 ವರ್ಷ ತುಂಬದವರಿಗೆ ತಂಬಾಕಿನ ಯಾವ ಪದಾರ್ಥವನ್ನೂ ಮಾರುವಂತಿಲ್ಲ, ಸಿಗರೇಟನ್ನು ಒಂದೊಂದಾಗಿ ಬಿಡಿಸಿ ಕೊಡುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯ ಬದಲು 1000 ರೂಪಾಯಿಯವರೆಗೆ ಏರಿದೆ. ಗಡಿಯ ಈಚೆಗೆ ಬಂದರೆ ವಯಸ್ಸು 18, ದಂಡ ಹಳೆಯ 200, ಮತ್ತು ಒಂದೇ ಒಂದು ಸಿಗರೇಟು ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮಂಗಳೂರಿನ ಕಾಲೇಜುಗಳಿಗೆ ದಿನವೂ ಹೋಗಿಬರುವ ನಮ್ಮ ಮಕ್ಕಳಿಗೆ ಹಗಲಿಗೊಂದು ಕಾನೂನು, ಸಂಜೆಗೊಂದು ಕಾನೂನು. ಒಂದು ರಾಜ್ಯ ಬಾಗಿಲು ಮುಚ್ಚಿದರೆ ಪಕ್ಕದ ರಾಜ್ಯದ ಅಂಗಡಿಗೆ ವ್ಯಾಪಾರ ಹೆಚ್ಚುತ್ತದೆ. ಆದ್ದರಿಂದ ಇಡೀ ದೇಶಕ್ಕೆ ಒಂದೇ ಕಾನೂನು ಬೇಕೆಂದು ಹೇಳುವುದಕ್ಕೆ ಗಡಿಯಲ್ಲಿ ಬದುಕುವ ನಮಗಿಂತ ಹೆಚ್ಚಿನ ಕಾರಣ ಯಾರಿಗೂ ಇಲ್ಲವೆಂದು ನಾವು ನಂಬಿದ್ದೇವೆ.

ಆದರೆ ಕೆಲಸಕ್ಕೆ ಕೈಹಾಕಿದಾಗ ಮೊದಲು ಎದುರಾದದ್ದು ನಮ್ಮದೇ ಮನೆಗಳ ಪ್ರಶ್ನೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಇಲ್ಲದ ಬೀದಿ ಕಡಿಮೆ. ಸಹಿ ಸಂಗ್ರಹಕ್ಕೆ ಹೋದಾಗ ಒಬ್ಬ ಹಿರಿಯ ಮಹಿಳೆ, ಕಾಗದವನ್ನು ಪೂರ್ತಿಯಾಗಿ ಓದಿ, "ಇದಕ್ಕೆ ಸಹಿ ಹಾಕಿದರೆ ನನ್ನ ಪಿ.ಎಫ್. ಏನಾಗುತ್ತದೆ ಎಂದು ಇದರಲ್ಲಿ ಬರೆದಿಲ್ಲವಲ್ಲ" ಎಂದು ಕೇಳಿದರು. ಉತ್ತರ ನಮ್ಮಲ್ಲಿ ಇರಲಿಲ್ಲ.

ಹಾಗಾಗಿ ತಿಳಿದವರಲ್ಲಿ ಕೇಳುತ್ತಿದ್ದೇವೆ. ಮನವಿಯಲ್ಲಿ ನಿಖರವಾಗಿ ಏನನ್ನು ಕೇಳಬೇಕು? ಯಾರಿಗೆ ಕಳುಹಿಸಬೇಕು, ಮತ್ತು ಅದು ಕನ್ನಡದಲ್ಲಿ ಇದ್ದರೆ ಸ್ವೀಕರಿಸುತ್ತಾರೆಯೇ? ಬೀಡಿ ಕಾರ್ಮಿಕರನ್ನು ಎದುರು ಹಾಕಿಕೊಳ್ಳದೆ, ಹಾಗೆಂದು ಬೇಡಿಕೆಯನ್ನು ಸಪ್ಪೆ ಮಾಡದೆ, ಈ ಅಭಿಯಾನವನ್ನು ನಡೆಸಲು ಸಾಧ್ಯವೇ?

ಉತ್ತರ 1: ಕಾಸರಗೋಡಿನ ವಕೀಲ

ಒಳ್ಳೆಯ ಕೆಲಸಕ್ಕೆ ಹೊರಟಿದ್ದೀರಿ. ಕಾನೂನಿನ ಭಾಗವನ್ನು ಮಾತ್ರ ನಾನು ಹೇಳುತ್ತೇನೆ.

"ಕಾಯ್ದೆಯನ್ನು ಬಲಪಡಿಸಿ" ಎಂದು ಬರೆದ ಮನವಿಗೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಯಾವ ಕಲಮು, ಅದರಲ್ಲಿರುವ ಯಾವ ವಾಕ್ಯ, ಅದರ ಬದಲು ಯಾವ ವಾಕ್ಯ ಎಂದು ಬರೆದರೆ ಅಧಿಕಾರಿ ಹೌದು ಅಥವಾ ಅಲ್ಲ ಎಂದು ಹೇಳಲೇಬೇಕಾಗುತ್ತದೆ. ಕೋಟ್ಪಾದ ದೊಡ್ಡ ಬಿರುಕುಗಳು ಮೂರು ಕಡೆ ಇವೆ. ನಾಲ್ಕನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ, ಆದರೆ ಅದೇ ಕಲಮಿನ ವಿನಾಯಿತಿಯ ಪ್ರಕಾರ 30 ಕೋಣೆಗಳ ಹೋಟೆಲು, 30 ಆಸನಗಳ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣದಲ್ಲಿ ಸೇದುವುದಕ್ಕೆ ಪ್ರತ್ಯೇಕ ಜಾಗ ಮಾಡಿಕೊಡಬಹುದು. ಐದನೆಯ ಕಲಮು ಜಾಹೀರಾತನ್ನು ನಿಷೇಧಿಸುತ್ತದೆ, ಆದರೆ ಮಾರುವ ಅಂಗಡಿಯ ಬಾಗಿಲಲ್ಲಿ ಮತ್ತು ಒಳಗೆ ಫಲಕಕ್ಕೆ ಅವಕಾಶ ಬಿಡುತ್ತದೆ. ಶಾಲೆಯಿಂದ ಮನೆಗೆ ನಡೆದು ಹೋಗುವ ಮಗುವಿಗೆ ಜಾಹೀರಾತು ಕಾಣುವುದು ಆ ಅಂಗಡಿಯಲ್ಲಿಯೇ ಆದ್ದರಿಂದ ಈ ವಿನಾಯಿತಿ ನಿಷೇಧದ ಉದ್ದೇಶವನ್ನೇ ಕೆಡಿಸುತ್ತದೆ. ಆರನೆಯ ಕಲಮು 18 ವರ್ಷದೊಳಗಿನವರಿಗೆ ಮಾರುವುದನ್ನೂ, ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಮಾರುವುದನ್ನೂ ತಡೆಯುತ್ತದೆ. ಅದನ್ನು ಮುರಿದರೆ ದಂಡ 200 ರೂಪಾಯಿಯನ್ನು ಮೀರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಮಗುವಿಗೆ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಒಂದೇ ತಪ್ಪಿಗೆ ಒಂದು ಕಾಯ್ದೆಯಲ್ಲಿ 200 ರೂಪಾಯಿ, ಇನ್ನೊಂದರಲ್ಲಿ 7 ವರ್ಷ. ಈ ಅಂತರವನ್ನು ಮನವಿಯಲ್ಲಿ ಎತ್ತಿ ತೋರಿಸಿ.

ಹೊಸದಾಗಿ ಕರಡು ಬರೆಯುವ ಶ್ರಮ ನಿಮಗೆ ಬೇಡ. ಕೇಂದ್ರ ಆರೋಗ್ಯ ಸಚಿವಾಲಯವೇ ಒಂದು ತಿದ್ದುಪಡಿ ಕರಡನ್ನು ಪ್ರಕಟಿಸಿ 2021ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿತ್ತು. ವಯಸ್ಸನ್ನು 21ಕ್ಕೆ ಏರಿಸುವುದು, ಸಿಗರೇಟು ಮುಂತಾದವನ್ನು ಬಿಡಿಬಿಡಿಯಾಗಿ ಮಾರುವುದನ್ನು ನಿಲ್ಲಿಸುವುದು, ಧೂಮಪಾನದ ಪ್ರತ್ಯೇಕ ಜಾಗಗಳನ್ನು ರದ್ದು ಮಾಡುವುದು, ಅಂಗಡಿಯೊಳಗಿನ ಜಾಹೀರಾತನ್ನು ತೆಗೆಯುವುದು, ದಂಡವನ್ನು ಹೆಚ್ಚಿಸುವುದು, ಎಲ್ಲವೂ ಅದರಲ್ಲಿ ಇದ್ದವು. ಆ ಕರಡು ಕಾಯ್ದೆಯಾಗಲಿಲ್ಲ. "ನೀವೇ ಬರೆದದ್ದನ್ನು ಸಂಸತ್ತಿನ ಮುಂದೆ ತನ್ನಿ" ಎಂದು ಕೇಳುವುದು ಸರ್ಕಾರಕ್ಕೆ ತಳ್ಳಿಹಾಕಲು ಅತ್ಯಂತ ಕಷ್ಟವಾಗುವ ಬೇಡಿಕೆ.

ರಾಜ್ಯವೂ ತಿದ್ದುಪಡಿ ಮಾಡಬಹುದು. ಆದರೆ ಕರ್ನಾಟಕದ ವಿಧಾನಮಂಡಲ 2024ರ ಫೆಬ್ರವರಿಯಲ್ಲಿ ಒಪ್ಪಿದ ಮಸೂದೆಗೆ ಅಂಕಿತ ಸಿಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದೊಂದು ರಾಜ್ಯವೂ ಈ ದಾರಿಯಲ್ಲಿ ನಡೆಯುವವರೆಗೆ ಕಾದರೆ ಒಂದು ತಲೆಮಾರು ದಾಟುತ್ತದೆ. ತಿರುವನಂತಪುರಕ್ಕೂ ಒಂದು ಪ್ರತಿ ಕಳುಹಿಸಿ, ಆದರೆ ಮುಖ್ಯ ಗುರಿ ದೆಹಲಿಯೇ ಆಗಿರಲಿ.

ಭಾಷೆಯ ಬಗ್ಗೆ ಕೇಳಿದ್ದೀರಿ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿಯನ್ನು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಜಿಲ್ಲಾಧಿಕಾರಿಗೂ ಸಚಿವಾಲಯಕ್ಕೂ ಧೈರ್ಯವಾಗಿ ಕನ್ನಡದಲ್ಲಿಯೇ ಬರೆಯಿರಿ. ಲೋಕಸಭೆಯ ಅರ್ಜಿ ಸಮಿತಿಗೆ ಹೋಗುವುದಾದರೆ ಅಲ್ಲಿಯ ನಿಯಮ ಬೇರೆ. ಕನ್ನಡದ ಅರ್ಜಿಯ ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇರಬೇಕು, ಅದಕ್ಕೂ ಅರ್ಜಿದಾರರ ಸಹಿ ಬೇಕು, ಮತ್ತು ಒಬ್ಬ ಸಂಸದರು ಅದನ್ನು ಸದನದಲ್ಲಿ ಮಂಡಿಸುವುದಾದರೆ ಅವರ ಸಹಿಯೂ ಇರಬೇಕು. ನಮ್ಮ ಲೋಕಸಭಾ ಕ್ಷೇತ್ರ ಮಂಜೇಶ್ವರದಿಂದ ಕಣ್ಣೂರು ಜಿಲ್ಲೆಯ ಪಯ್ಯನ್ನೂರು, ಕಲ್ಯಾಶ್ಶೇರಿಯವರೆಗೆ ಹರಡಿದೆ. ಆದ್ದರಿಂದ ಮಲಯಾಳಂ ಮಾತಾಡುವ ಗೆಳೆಯರ ಸಹಿಗಳೂ ಅದರಲ್ಲಿರಲಿ. ಇದನ್ನು ಕನ್ನಡಿಗರ ಪ್ರತ್ಯೇಕ ಬೇಡಿಕೆ ಎಂದು ಯಾರೂ ಬದಿಗಿಡದಂತೆ ನೋಡಿಕೊಳ್ಳಿ.

ಮರೆಯಬಾರದ ಒಂದು ಸಂಗತಿ ಇದೆ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕೂಡದೆಂದು 1999ರ ಜುಲೈ 12ರಂದು ಹೇಳಿದ್ದು ಕೇರಳ ಹೈಕೋರ್ಟು. 2001ರ ನವೆಂಬರ್ 2ರಂದು ಮುರಳಿ ದೇವೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅದೇ ಬಗೆಯ ಆದೇಶ ಕೊಟ್ಟಿತು. 2003ರಲ್ಲಿ ಕಾಯ್ದೆ ಬಂತು. ಒಂದು ರಾಜ್ಯದಲ್ಲಿ ಎದ್ದ ಮಾತು ನಾಲ್ಕು ವರ್ಷಗಳೊಳಗೆ ದೇಶದ ಕಾನೂನಾದದ್ದು ನಮ್ಮ ಕಣ್ಣೆದುರಿನ ಚರಿತ್ರೆ.

ಉತ್ತರ 2: ಬೀಡಿ ಕಾರ್ಮಿಕರ ಸಂಘಟನೆಯಲ್ಲಿರುವವಳು, ಕುಂಬಳೆ

ನಾನು ಮದುವೆಗೆ ಮುಂಚಿನಿಂದ ಬೀಡಿ ಕಟ್ಟಿದವಳು, ಈಗ ಕಟ್ಟುವವರ ಪಿ.ಎಫ್. ಮತ್ತು ಪಿಂಚಣಿಯ ಕಾಗದಗಳ ಹಿಂದೆ ಓಡಾಡುವವಳು. ಮೇಲಿನ ವಕೀಲರ ಮಾತು ಸರಿ. ಆದರೆ ಅವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ನಿಮ್ಮನ್ನು ಕೇಳಿದ ಆ ಹಿರಿಯ ಮಹಿಳೆಯ ಪ್ರಶ್ನೆ ಇಡೀ ಅಭಿಯಾನ ಉತ್ತರಿಸಬೇಕಾದ ಪ್ರಶ್ನೆ.

ಕಾನೂನು ಮಾಡುವವರಿಗೆ ಈ ಕೆಲಸ ಹೇಗಿರುತ್ತದೆಂದು ಗೊತ್ತಿರಬೇಕು. ಬೀಡಿ ಕಂಪನಿಯ ಬ್ರಾಂಚಿನಿಂದ ತೂಕ ಹಾಕಿ ಕೊಟ್ಟ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಕತ್ತರಿಸಬೇಕು. ಮಡಿಲಲ್ಲಿ ಸೂಪು ಎಂಬ ಮೊರ, ಸೂಪಿನಲ್ಲಿ ಹೊಗೆಸೊಪ್ಪಿನ ಹುಡಿ. ಎಲೆಯ ಮೇಲೆ ಚಿಟಿಕೆ ಹುಡಿ ಹರಡಿ, ಸುರುಳಿ ಸುತ್ತಿ, ಬಾಯಿಯನ್ನು ಉಗುರಿನಿಂದ ಮಡಚಿ, ನೂಲು ಕಟ್ಟಬೇಕು. 25 ಬೀಡಿಗೆ ಒಂದು ಕಟ್ಟು, ಸಾವಿರಕ್ಕೆ ಮಜೂರಿ. ಬ್ರಾಂಚಿನಲ್ಲಿ ಬೆರಳಾಡಿಸಿ ಸರಿಯಿಲ್ಲವೆಂದು ಬದಿಗೆ ತೆಗೆದದ್ದಕ್ಕೆ ಮಜೂರಿಯಿಲ್ಲ. ಎಲೆ ಹರಿದಿದ್ದರೆ ಕಡಿಮೆಯಾದ ಬೀಡಿಯ ನಷ್ಟವೂ ಕಟ್ಟಿದವಳದ್ದೇ. ಅದೇ ಚಾವಡಿಯಲ್ಲಿ ಮಗು ಮಲಗಿರುತ್ತದೆ, ಅದೇ ಹುಡಿ ಗಾಳಿಯಲ್ಲಿರುತ್ತದೆ. ತಂಬಾಕು ಸೇದದೆ ತಂಬಾಕಿನ ಕೆಮ್ಮು ಹೊತ್ತವರು ನಾವು. ಆದ್ದರಿಂದ ತಂಬಾಕಿನ ಪರವಾಗಿ ಮಾತಾಡುವ ಆಸೆ ನಮಗೆ ಸ್ವಲ್ಪವೂ ಇಲ್ಲ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಕಾಯ್ದೆ ಬಿಗಿ ಮಾಡುವ ಮಾತು ಬಂದಾಗಲೆಲ್ಲ ದೊಡ್ಡ ಉದ್ಯಮಗಳು ನಮ್ಮನ್ನು ಮುಂದೆ ನಿಲ್ಲಿಸುತ್ತವೆ. ದೇಶದಲ್ಲಿ ಸುಮಾರು 50 ಲಕ್ಷ ಬೀಡಿ ಕಾರ್ಮಿಕರಿದ್ದಾರೆ, ಹೆಚ್ಚಿನವರು ಹೆಂಗಸರು, ಅವರ ಅನ್ನ ಕಿತ್ತುಕೊಳ್ಳಬೇಡಿ ಎಂದು ಹೇಳುತ್ತವೆ. ಕನಿಷ್ಠ ಕೂಲಿ ಕೇಳಿದ ದಿನ ಅದೇ ಬಾಯಿಗಳು ಮುಚ್ಚಿರುತ್ತವೆ. ಇನ್ನೊಂದು ಕಡೆ ಆರೋಗ್ಯದವರು ನಮ್ಮ ವಿಷಯ ಬಂದಾಗ "ಪರ್ಯಾಯ ಉದ್ಯೋಗ ಕೊಡಬೇಕು" ಎಂಬ ಒಂದು ಸಾಲು ಸೇರಿಸಿ ಮುಂದೆ ಹೋಗುತ್ತಾರೆ. ಯಾರು ಕೊಡಬೇಕು, ಯಾವ ಹಣದಿಂದ, ಎಂದಿನಿಂದ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಬೀಡಿಯ ಮೇಲಿನ ಸೆಸ್ಸಿನಿಂದ 1976ರ ಕಾಯ್ದೆಯ ಪ್ರಕಾರ ನಮಗಾಗಿ ಒಂದು ಕಲ್ಯಾಣ ನಿಧಿ ಇತ್ತು. ಮಕ್ಕಳ ವಿದ್ಯಾರ್ಥಿವೇತನ, ಆಸ್ಪತ್ರೆ, ಮನೆ ಕಟ್ಟಲು ನೆರವು ಅದರಿಂದ ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನೇ ರದ್ದು ಮಾಡಿದರು. ತಂಬಾಕಿನಿಂದ ಸರ್ಕಾರಕ್ಕೆ ಬರುವ ತೆರಿಗೆಯಲ್ಲಿ ಇಷ್ಟು ಪಾಲು ಕಾರ್ಮಿಕರಿಗೆ ಎಂದು ಮೀಸಲಿಟ್ಟಿದ್ದ ಆ ವ್ಯವಸ್ಥೆ ಅಲ್ಲಿಗೆ ಮುಗಿಯಿತು.

ಬೇರೆ ದಾರಿ ಇದೆ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಸರ್ಕಾರ ಜಾರಿಗೆ ತರಲು ಹೊರಟಾಗ, ಕೂಲಿ ಮತ್ತು ಸೌಲಭ್ಯ ಕೊಡಲು ಒಪ್ಪದ ಖಾಸಗಿ ಮಾಲೀಕರು 1968ರಲ್ಲಿ ಕಣ್ಣೂರಿನ ಕಡೆ ಬಾಗಿಲು ಹಾಕಿ ಹೋದರು. ಆಗ ನಮ್ಮ ಕಾಸರಗೋಡೂ ಕಣ್ಣೂರು ಜಿಲ್ಲೆಯಲ್ಲೇ ಇತ್ತು. ಸಾವಿರಾರು ಜನ ಒಮ್ಮೆಗೇ ಬೀದಿಗೆ ಬಿದ್ದರು. 1969ರಲ್ಲಿ ಅವರೇ ಸೇರಿ ಸರ್ಕಾರದ ನೆರವಿನಿಂದ ಕಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಒಂದು ಹಂತದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತು. ಬೀಡಿ ಸೇದುವವರು ಕಡಿಮೆಯಾಗುತ್ತಿದ್ದಾರೆಂದು ಕಂಡ ಮೇಲೆ, 1990ರ ದಶಕದ ಕೊನೆಗೆ ಅದೇ ಸಂಘ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆಯ ತಯಾರಿಕೆಗೆ ಇಳಿಯಿತು. ಬೀಡಿ ಕಟ್ಟಿದ ಎಲ್ಲರಿಗೂ ಅದರಲ್ಲಿ ಜಾಗ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಆದರೆ ಸಂಘಟನೆ, ಬಂಡವಾಳ ಮತ್ತು ಸರ್ಕಾರದ ಮನಸ್ಸು ಮೂರೂ ಸೇರಿದರೆ ಬೆರಳುಗಳಿಗೆ ಬೇರೆ ಕೆಲಸ ಕಲಿಸಬಹುದೆಂದು ಅದು ತೋರಿಸಿಕೊಟ್ಟಿದೆ.

ನಮ್ಮ ಕಡೆ ಹೊಸ ಹುಡುಗಿಯರು ಬೀಡಿ ಕಲಿಯುವುದು ಬಹುಮಟ್ಟಿಗೆ ನಿಂತಿದೆ. ಕಟ್ಟುತ್ತಿರುವವರು ಈ ವಯಸ್ಸಿನಲ್ಲಿ ಹೊಲಿಗೆ ಯಂತ್ರದ ತರಬೇತಿಗೆ ಹೋಗಲಾರರು. ಅವರಿಗೆ ಬೇಕಾದದ್ದು ಬಾಕಿ ಪಿ.ಎಫ್., ಬದುಕುವಷ್ಟು ಪಿಂಚಣಿ, ಉಚಿತ ಶ್ವಾಸಕೋಶ ತಪಾಸಣೆ. ಅದನ್ನು ಮನವಿಯ ಮೊದಲ ಪುಟದಲ್ಲಿ ಬರೆಯಿರಿ. ಆಗ ನಾನೇ ಮನೆಮನೆಗೆ ಬಂದು ಸಹಿ ಹಾಕಿಸಿ ಕೊಡುತ್ತೇನೆ.

ಉತ್ತರ 3: ನಿವೃತ್ತ ವೈದ್ಯ, ಬದಿಯಡ್ಕ ಮೂಲ

ಕುಂಬಳೆಯ ಸೋದರಿಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಅದಕ್ಕೆ ಅಂತರರಾಷ್ಟ್ರೀಯ ಆಧಾರವೂ ಇದೆ. ಭಾರತ 2004ರಲ್ಲಿ ಸ್ಥಿರೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೆಯ ವಿಧಿ, ತಂಬಾಕಿನ ಕಾರ್ಮಿಕರಿಗೂ ಬೆಳೆಗಾರರಿಗೂ ಕಾರ್ಯಸಾಧ್ಯವಾದ ಪರ್ಯಾಯ ಜೀವನೋಪಾಯಕ್ಕೆ ಸರ್ಕಾರಗಳು ಉತ್ತೇಜನ ನೀಡಬೇಕೆನ್ನುತ್ತದೆ. ಅದನ್ನು ಹೆಸರಿಸಿ ಕೇಳಿ. ಅದು ಭಾರತ ತಾನಾಗಿ ಒಪ್ಪಿದ ಬಾಧ್ಯತೆ.

ಆದರೆ ಒಂದು ವಿಷಯವನ್ನು ನಯವಾಗಿ ಹೇಳಲೇಬೇಕು. ಕಾರ್ಮಿಕರ ಮೇಲಿನ ಕಾಳಜಿ ಬೀಡಿಯ ಮೇಲಿನ ರಿಯಾಯಿತಿಯಾಗಬಾರದು. 2017ರಲ್ಲಿ ಸಿಗರೇಟಿಗೆ ಜಿಎಸ್‌ಟಿಯ ಮೇಲೆ ಪರಿಹಾರ ಸೆಸ್ ಎಂಬ ಹೆಚ್ಚುವರಿ ತೆರಿಗೆ ಬಿತ್ತು, ಬೀಡಿಗೆ ಬೀಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ದರವನ್ನು ಶೇ 28ರಿಂದ ಶೇ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಚಿಲ್ಲರೆ ಬೆಲೆಯ ಶೇ 75ರಷ್ಟಾದರೂ ತೆರಿಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೀಡಿ ಸೇದುವವನು ಯಾರು? ಗಾರೆ ಕೆಲಸದವನು, ಮೀನು ಹೊರುವವನು, ಅಡಿಕೆ ತೋಟದ ಆಳು. ಅವನ ಶ್ವಾಸಕೋಶಕ್ಕೆ ಬೀಡಿಯ ಹೊಗೆ ಸಿಗರೇಟಿನ ಹೊಗೆಗಿಂತ ಮೃದುವಲ್ಲ. ಇಳಿದ ತೆರಿಗೆಯ ಲಾಭ ಸಾವಿರ ಬೀಡಿಯ ಮಜೂರಿಗೆ ಸೇರುತ್ತದೆಂಬ ಖಾತ್ರಿ ಯಾವ ಆದೇಶದಲ್ಲಿಯೂ ಇಲ್ಲ. ಆದ್ದರಿಂದ ಬೀಡಿಯ ತೆರಿಗೆ ಏರಲಿ, ಏರಿದ ಭಾಗ ಕಾರ್ಮಿಕರ ನಿಧಿಗೇ ಹೋಗಲಿ ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿ. ಬೇರೆ ಬೇರೆ ಬರೆದರೆ ಮೊದಲನೆಯದನ್ನು ಮಾತ್ರ ಎತ್ತಿಕೊಳ್ಳುತ್ತಾರೆ, ಅಥವಾ ಎರಡನ್ನೂ ಬಿಡುತ್ತಾರೆ.

ಅಭಿಯಾನ ಎಷ್ಟು ದೀರ್ಘವಾಗಬಹುದು ಎಂಬುದಕ್ಕೆ ಪೊಟ್ಟಣದ ಮೇಲಿನ ಚಿತ್ರದ ಕಥೆಯನ್ನು ಎಲ್ಲರೂ ತಿಳಿದಿರಬೇಕು. ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂದು 2014ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಟಿತು, 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅಷ್ಟರಲ್ಲಿ ಅದನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಅಧ್ಯಕ್ಷರು, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಭಾರತೀಯ ಅಧ್ಯಯನ ಇಲ್ಲವೆಂದು ಹೇಳಿದರು. ಆ ಸಮಿತಿಯಲ್ಲಿದ್ದ ಒಬ್ಬ ಸಂಸದರು ಸ್ವತಃ ಬೀಡಿ ಉದ್ಯಮಿ. ಜಾರಿಯನ್ನು ಮುಂದೂಡಲಾಯಿತು. ಮಧ್ಯಪ್ರದೇಶದ ಸುನೀತಾ ತೋಮರ್, ತಂಬಾಕು ಅಗಿದು ಬಾಯಿಯ ಕ್ಯಾನ್ಸರಿಗೆ ಒಳಗಾಗಿ ಸರ್ಕಾರದ ಜಾಗೃತಿ ಜಾಹೀರಾತಿನಲ್ಲಿ ತಮ್ಮ ಮುಖವನ್ನೇ ತೋರಿಸಿದ ಹೆಣ್ಣುಮಗಳು, ಈ ಬೆಳವಣಿಗೆಯಿಂದ ನೊಂದು ಪ್ರಧಾನಿಗೆ ಪತ್ರ ಬರೆದರು. ಚಿತ್ರ ಜಾರಿಗೆ ಬರಬೇಕಿದ್ದ ಅದೇ ಏಪ್ರಿಲ್ 1ರಂದು ಅವರು ತೀರಿಕೊಂಡರು. ಎರಡು ಮಕ್ಕಳ ತಾಯಿ, 28ರ ಪ್ರಾಯ. ಮರುವರ್ಷ, 2016ರ ಏಪ್ರಿಲ್ 1ರಿಂದ ನಿಯಮ ಜಾರಿಯಾಯಿತು. 2017ರ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು, 2018ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಇಂದು ಪೊಟ್ಟಣದ ಮೇಲೆ ಕಾಣುವ ಚಿತ್ರ ಇಷ್ಟೆಲ್ಲ ದಾಟಿ ಬಂದದ್ದು. ಆಗ ಅಂಕಿ ಅಂಶಗಳು ಅಲುಗಾಡಿಸದ ಮನಸ್ಸುಗಳನ್ನು ಒಬ್ಬ ರೋಗಿಯ ಪತ್ರ ಅಲುಗಾಡಿಸಿತೆಂದೇ ನನ್ನ ನಂಬಿಕೆ. ನಿಮ್ಮ ಮನವಿಯ ಜೊತೆಗೆ ಚಿಕಿತ್ಸೆ ಪಡೆದ ನಮ್ಮೂರಿನವರ ಮಾತು, ಅವರ ಸ್ಪಷ್ಟ ಒಪ್ಪಿಗೆಯೊಂದಿಗೆ, ಅವರದೇ ಭಾಷೆಯಲ್ಲಿ ಹೋಗಲಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿಯೇ ಬರೆದುಕೊಳ್ಳಿ, ಕನ್ನಡದ ಅರ್ಥವನ್ನು ಕೆಳಗೆ ಕೊಡಿ.

ಆ ಸಮಿತಿಯ ಉದಾಹರಣೆಯಿಂದ ಇನ್ನೊಂದು ಬೇಡಿಕೆಯೂ ಹುಟ್ಟುತ್ತದೆ. ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆಂದು ಒಡಂಬಡಿಕೆಯ 5.3ನೆಯ ಪರಿಚ್ಛೇದ ಹೇಳುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ತನ್ನ ಅಧಿಕಾರಿಗಳಿಗೆ ಇದಕ್ಕೆ ಅನುಗುಣವಾದ ನಡವಳಿಕೆಯ ಸಂಹಿತೆಯನ್ನೂ ತಂದಿತು. ಆದರೆ ಹಣಕಾಸು, ಕೃಷಿ, ವಾಣಿಜ್ಯ ಇಲಾಖೆಗಳ ತೀರ್ಮಾನಗಳೂ ತಂಬಾಕನ್ನು ಮುಟ್ಟುತ್ತವೆ. ದೇಶದ ಅತಿದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಜೀವ ವಿಮಾ ನಿಗಮದ ಪಾಲು ಶೇ 15ರ ಆಸುಪಾಸಿನಲ್ಲಿದೆ. ಆದ್ದರಿಂದ ಸಂಹಿತೆ ಇಡೀ ಸರ್ಕಾರಕ್ಕೆ ಕಾಯ್ದೆಯ ರೂಪದಲ್ಲಿಯೇ ಅನ್ವಯವಾಗಬೇಕು.

ಕಾಯ್ದೆಯಿಂದ ಪ್ರಯೋಜನವಿಲ್ಲ ಎನ್ನುವವರಿಗೆ ಉತ್ತರವಾಗಿ ಒಂದು ಅಂಕಿ ಕೊಡುತ್ತೇನೆ. ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ದೇಶದ ವಯಸ್ಕರಲ್ಲಿ ಶೇ 34.6 ಜನ ತಂಬಾಕು ಬಳಸುತ್ತಿದ್ದರು, 2016-17ರಲ್ಲಿ ಅದು ಶೇ 28.6ಕ್ಕೆ ಇಳಿಯಿತು. ಕೇರಳದಲ್ಲಿ ಶೇ 21.4ರಿಂದ ಶೇ 12.7ಕ್ಕೆ, ಕರ್ನಾಟಕದಲ್ಲಿ ಶೇ 28.2ರಿಂದ ಶೇ 22.8ಕ್ಕೆ. ಇಷ್ಟು ಇಳಿದ ಮೇಲೂ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಭಾರತೀಯರು ತಂಬಾಕಿನಿಂದ ಸಾಯುತ್ತಿದ್ದಾರೆ.

ಜಗಿಯುವ ತಂಬಾಕನ್ನು ಮರೆಯಬೇಡಿ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ತಯಾರಕರು ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲಿ, ತಂಬಾಕನ್ನು ಇನ್ನೊಂದು ಚೀಟಿಯಲ್ಲಿ ಹಾಕಿ ಜೋಡಿಯಾಗಿ ಮಾರತೊಡಗಿದರು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡರೆ ಅದೇ ಗುಟ್ಕಾ. ಈ ಜೋಡಿ ಚೀಟಿಯನ್ನೂ, ಏಲಕ್ಕಿಯ ಹೆಸರಿನಲ್ಲಿ ಬರುವ ಮರೆಜಾಹೀರಾತನ್ನೂ ಕೇಂದ್ರ ಕಾಯ್ದೆಯೇ ಹೆಸರಿಸಿ ತಡೆಯಬೇಕು.

ಉತ್ತರ 4: ಅಕ್ಕಲಕೋಟೆಯ ಓದುಗ

ಸೊಲ್ಲಾಪುರ ಜಿಲ್ಲೆಯ ಗಡಿಯಿಂದ ಒಂದು ಮಾತು. ಮಹಾರಾಷ್ಟ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿಯೇ ಬಿಡಿ ಸಿಗರೇಟು, ಬಿಡಿ ಬೀಡಿಯ ಮಾರಾಟವನ್ನು ನಿಷೇಧಿಸಿತು. ಪೊಟ್ಟಣದ ಮೇಲಿನ ಎಚ್ಚರಿಕೆ ಬಿಡಿ ಕೊಳ್ಳುವವನ ಕಣ್ಣಿಗೆ ಬೀಳುವುದೇ ಇಲ್ಲ ಎಂಬ ಕಾರಣ ಸರಿಯಾಗಿಯೇ ಇತ್ತು. ಆದರೆ ನಮ್ಮ ಬಸ್ ನಿಲ್ದಾಣದ ಪಾನ್ ಪಟ್ಟಿಗಳಲ್ಲಿ ಇಂದಿಗೂ ದಾರಕ್ಕೆ ಕಟ್ಟಿದ ಲೈಟರು ತೂಗಾಡುತ್ತಿರುತ್ತದೆ, ಒಂದೊಂದೇ ಸಿಗರೇಟು ಕೈ ಬದಲಾಗುತ್ತಿರುತ್ತದೆ.

ಯಾವ ಅಂಗಡಿ ತಂಬಾಕು ಮಾರುತ್ತದೆ ಎಂಬ ಪಟ್ಟಿಯೇ ಇಲ್ಲದಿದ್ದರೆ ತಪಾಸಣೆ ಯಾರನ್ನು ಮಾಡುವುದು? ತಂಬಾಕು ಮಾರುವವರಿಗೆ ಸ್ಥಳೀಯ ಸಂಸ್ಥೆಗಳಿಂದ ಪ್ರತ್ಯೇಕ ಪರವಾನಗಿ ಇರಲಿ, ಅಂಥ ಅಂಗಡಿಯಲ್ಲಿ ಮಿಠಾಯಿ, ಚಿಪ್ಸು, ಬಿಸ್ಕತ್ತು ಮಾರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಸಲಹೆ ಕೊಟ್ಟಿತ್ತು. ಸಲಹೆಯನ್ನು ಕಾಯ್ದೆಯ ಕಲಮಾಗಿ ಮಾಡಿರೆಂದು ಕೇಳಿ. ಪರವಾನಗಿ ಕಳೆದುಕೊಳ್ಳುವ ಭಯ 200 ರೂಪಾಯಿಯ ದಂಡಕ್ಕೆ ಇಲ್ಲ. ನಮ್ಮ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರಿಂದಲೂ ಇದೇ ಮನವಿಯನ್ನು ಕಳುಹಿಸಲು ನಾನು ಪ್ರಯತ್ನಿಸುತ್ತೇನೆ. ಎರಡು ರಾಜ್ಯಗಳ ಗಡಿಯಿಂದ ಒಂದೇ ಒಕ್ಕಣೆ ಹೋದರೆ ಅದರ ತೂಕ ಬೇರೆ.

ಪ್ರಶ್ನೆ ಕೇಳಿದವರ ಮರುನುಡಿ: ಗಡಿನಾಡ ಅಧ್ಯಾಪಕಿ, ಮಂಜೇಶ್ವರ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ ಇವನ್ನೆಲ್ಲ ಗ್ರಂಥಾಲಯದಲ್ಲಿ ಗಟ್ಟಿಯಾಗಿ ಓದಿ ಚರ್ಚಿಸಿದೆವು. ಮನವಿಯ ಮೊದಲ ಪರಿಚ್ಛೇದವನ್ನು ಹೀಗೆ ಬದಲಿಸಿದ್ದೇವೆ:

"ಬೀಡಿಯೂ ಸೇರಿದಂತೆ ಎಲ್ಲ ತಂಬಾಕು ಪದಾರ್ಥಗಳ ಮೇಲಿನ ತೆರಿಗೆಯನ್ನು ಹೆಚ್ಚಿಸಿ, ಬೀಡಿಯಿಂದ ಹೆಚ್ಚುವರಿಯಾಗಿ ಬರುವ ಹಣವನ್ನು ಬೀಡಿ ಕಾರ್ಮಿಕರ ಪಿಂಚಣಿ, ಬಾಕಿ ಭವಿಷ್ಯನಿಧಿಯ ಇತ್ಯರ್ಥ, ಶ್ವಾಸಕೋಶದ ತಪಾಸಣೆ ಮತ್ತು ಅವರ ಮಕ್ಕಳ ವಿದ್ಯಾಭ್ಯಾಸಕ್ಕೆ ಕಾಯ್ದೆಯ ಮೂಲಕವೇ ಮೀಸಲಿಡಬೇಕು. 2021ರಲ್ಲಿ ಅಭಿಪ್ರಾಯ ಕೇಳಲಾದ ತಿದ್ದುಪಡಿ ಕರಡನ್ನು ಈ ಅಂಶದೊಂದಿಗೆ ಮತ್ತು ಮಾರಾಟ ಪರವಾನಗಿಯ ಕಲಮಿನೊಂದಿಗೆ ಸಂಸತ್ತಿನಲ್ಲಿ ಮಂಡಿಸಬೇಕು."

ಅನಂತರ ಕಲಮುವಾರು ವಿವರ, 5.3ರ ವಿಷಯ, ಜೋಡಿ ಚೀಟಿಯ ವಿಷಯ ಬರುತ್ತವೆ. ಒಂದು ಸಂಶಯ ಉಳಿದಿದೆ. ನಮ್ಮ ಗ್ರಾಮ ಪಂಚಾಯತಿನಿಂದಲೂ ಒಂದು ನಿರ್ಣಯ ಆಗಬೇಕೆಂದು ಕೆಲವರು ಹೇಳುತ್ತಾರೆ, ಇನ್ನು ಕೆಲವರು ಕೇಂದ್ರದ ಕಾಯ್ದೆಗೆ ಪಂಚಾಯತಿನ ನಿರ್ಣಯದಿಂದ ಏನು ಲಾಭ ಎನ್ನುತ್ತಾರೆ.

ಉತ್ತರ: ಕಾಸರಗೋಡಿನ ವಕೀಲ

ಲಾಭವಿದೆ. ನಿರ್ಣಯ ಕೇಂದ್ರವನ್ನು ಕಟ್ಟಿಹಾಕುವುದಿಲ್ಲ, ಆದರೆ ಸಂಸದರಿಗೆ ನೀವು ಅರ್ಜಿ ಕೊಡುವಾಗ ಅದು ಕೆಲವು ಅಧ್ಯಾಪಕರ ಅಭಿಪ್ರಾಯವಾಗಿ ಉಳಿಯದೆ ಚುನಾಯಿತ ಸಂಸ್ಥೆಯ ಅಭಿಪ್ರಾಯವಾಗುತ್ತದೆ. ಗ್ರಾಮಸಭೆಯಲ್ಲಿ ಬೀಡಿ ಕಾರ್ಮಿಕರೊಬ್ಬರೇ ವಿಷಯವನ್ನು ಮಂಡಿಸಲಿ, ಅಧ್ಯಾಪಕರು ಅನುಮೋದಿಸಲಿ. ನಡಾವಳಿಯ ದೃಢೀಕೃತ ಪ್ರತಿಯನ್ನು ಕೇಳಿ ಪಡೆದುಕೊಂಡು ಅರ್ಜಿಗೆ ಲಗತ್ತಿಸಿ.

ಅದರ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಈಗಲೇ ಹಾಕಿ. ಕಳೆದ ವರ್ಷಗಳಲ್ಲಿ ಜಿಲ್ಲೆಯಲ್ಲಿ ನಾಲ್ಕನೆಯ ಮತ್ತು ಆರನೆಯ ಕಲಮಿನಡಿ ಎಷ್ಟು ಪ್ರಕರಣ ದಾಖಲಾಗಿವೆ, ಎಷ್ಟು ದಂಡ ವಸೂಲಾಗಿದೆ, ಎಷ್ಟು ಶಾಲೆಗಳ ಸುತ್ತ 100 ಗಜದ ಗಡಿಯನ್ನು ಗುರುತಿಸಲಾಗಿದೆ ಎಂದು ಕೇಳಿ. ಉತ್ತರ ಕೊಡಲು ಅವರಿಗೆ 30 ದಿನಗಳ ಕಾಲಾವಕಾಶವಿದೆ, ಅಷ್ಟರಲ್ಲಿ ನಿಮ್ಮ ಗ್ರಾಮಸಭೆಯೂ ಮುಗಿದಿರುತ್ತದೆ. ಪರಿಚ್ಛೇದದ ಒಕ್ಕಣೆ ಚೆನ್ನಾಗಿದೆ. "ತಂಬಾಕು ಪದಾರ್ಥಗಳು" ಎಂದಿರುವಲ್ಲಿ "ಕಾಯ್ದೆಯ ಅನುಸೂಚಿಯಲ್ಲಿ ಹೇಳಿದ ಎಲ್ಲ ತಂಬಾಕು ಉತ್ಪನ್ನಗಳು" ಎಂದು ತಿದ್ದಿ, ಇಂಗ್ಲಿಷ್ ಅನುವಾದವನ್ನು ನನಗೆ ಕಳುಹಿಸಿ. ಸಹಿ ಸಂಗ್ರಹ ಶುರುವಾಗುವ ಮೊದಲೇ ನೋಡಿ ಕೊಡುತ್ತೇನೆ.